ಬ್ರೆಡ್ಡು ತಿನ್ನುವ ಗಂಡು

ನಮ್ಮ ಕಡೆ ಬ್ರೆಡ್ಡು ಮನೆಗೆ ಬಂತೆಂದರೆ ಯಾರೋ ಹಾಸಿಗೆ ಹಿಡಿದಿದ್ದಾರೆ ಎಂದೇ ಅರ್ಥ. ಜ್ವರ ಬಂದವರಿಗೆ ಬ್ರೆಡ್ಡು, ಬಾಯಿ ರುಚಿ ಕೆಟ್ಟವರಿಗೆ ಬ್ರೆಡ್ಡು. ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೋಗುವಾಗ ಕೈಯಲ್ಲಿ ಒಂದು ಪೌಂಡು ಬ್ರೆಡ್ಡು, ನಾಲ್ಕು ಮೂಸಂಬಿ. ಗಟ್ಟಿಮುಟ್ಟಾದ ಗಂಡಸು ಮಟಮಟ ಮಧ್ಯಾಹ್ನ ಮುದ್ದೆ ಬಿಟ್ಟು ಬ್ರೆಡ್ಡು ತಿನ್ನುತ್ತಾನೆ ಎಂದರೆ ನಮ್ಮವರು ಸುಮ್ಮನಿರುವುದಿಲ್ಲ. ಅವನೊಳಗೆ ಏನೋ ಇದೆ ಎನ್ನುತ್ತಾರೆ.

ಹಾಗಾಗಿ ಆಂಜಿ ತಂದ ಸುದ್ದಿಗೆ ನನ್ನ ತಮ್ಮ ವೆಂಕಟರಮಣಪ್ಪನ ಎದೆ ಧಸಕ್ಕೆಂದಿತು. ಆಂಜಿ ನಮ್ಮ ತವರೂರು ಹುತ್ತೂರಿನವನೇ. ಊರಿನವರ ರೇಷ್ಮೆಗೂಡನ್ನೂ ಟೊಮೇಟೊವನ್ನೂ ತನ್ನ ಟೆಂಪೋದಲ್ಲಿ ಕೋಲಾರಕ್ಕೆ ಸಾಗಿಸುತ್ತಾನೆ. ತಮ್ಮನ ಮಗಳು ರಂಜಿತಳಿಗೆ ಗೊತ್ತುಮಾಡಿದ್ದ ಗಂಡು ಅಮರನಾಥ ಆವನಿ ಊರಿನವನು, ಕೋಲಾರದ ಟ್ರ್ಯಾಕ್ಟರ್ ಶೋರೂಮಿನಲ್ಲಿ ಬಿಡಿಭಾಗಗಳ ವಿಭಾಗದಲ್ಲಿ ಕೆಲಸ. ಅವನು ದಿನಾ ಮಧ್ಯಾಹ್ನ ಒಂದು ಬ್ರೆಡ್ ಅಂಗಡಿಯಲ್ಲಿ ಕೂತಿರುತ್ತಾನೆ ಎಂದು ಆಂಜಿ ವರದಿ ಒಪ್ಪಿಸಿದ್ದ. ಒಂದು ದಿನವಲ್ಲ, ನಾಲ್ಕು ದಿನ ನೋಡಿದ್ದನಂತೆ.

ಸೋಮವಾರ ಸಂಜೆ ತಮ್ಮ ನನಗೆ ಫೋನ್ ಮಾಡಿದ. “ಅಕ್ಕ, ಶುಕ್ರವಾರ ನಿಶ್ಚಿತಾರ್ಥ. ಗಂಡು ನೋಡಿದ್ರೆ ಬ್ರೆಡ್ಡು ತಿಂತವ್ನೆ. ಶುಗರ್ರೋ, ಅಲ್ಸರ್ರೋ, ಇನ್ನೇನು ಮುಚ್ಚಿಟ್ಟವ್ರೋ. ಇವಳೇನೋ ಅವನೇ ಆಗ್ಬೇಕು ಅಂತ ಕೂತವ್ಳೆ. ನೀನೇ ಹೋಗಿ ನೋಡ್ಕೊಂಡು ಬಾ. ನಿನ್ನನ್ನ ಅವ್ರ ಕಡೆಯವ್ರು ಯಾರೂ ನೋಡಿಲ್ವಲ್ಲ.”

ಅದು ನಿಜ. ನಾನು ಮಾಲೂರು ಕಡೆಗೆ ಕೊಟ್ಟ ಹೆಣ್ಣು. ಹೆಣ್ಣು ನೋಡಲು ಅವರು ಬಂದಾಗಲೂ, ಮನೆ ನೋಡಲು ನಮ್ಮವರು ಆವನಿಗೆ ಹೋದಾಗಲೂ ನಾನಿರಲಿಲ್ಲ. ನಮ್ಮ ಮನೆಯ ರೇಷ್ಮೆಹುಳುಗಳು ಆಗಷ್ಟೇ ನಾಲ್ಕನೇ ಸಲ ಪೊರೆ ಬಿಟ್ಟು, ನಮ್ಮ ಮಾತಿನಲ್ಲಿ ನಾಲ್ಕನೇ ಜ್ವರದಿಂದ ಎದ್ದಿದ್ದವು. ಜ್ವರದಿಂದ ಎದ್ದ ಹುಳುವಿನ ಹಸಿವು ನೋಡಿದವರಿಗೇ ಗೊತ್ತು. ಸೊಪ್ಪು ಹಾಕುವುದು ಒಂದು ಹೊತ್ತು ತಪ್ಪಿದರೂ ಕೆಲಸ ಕೆಟ್ಟಂತೆ.

ತಮ್ಮನ ಕೈಯಿಂದ ಫೋನ್ ಕಿತ್ತುಕೊಂಡು ಅವನ ಹೆಂಡತಿ ಅನಸೂಯ ತನ್ನ ದೂರನ್ನೂ ಸೇರಿಸಿದಳು. “ಗಂಡಿನ ತಾಯಿಗೆ ಎಷ್ಟು ಗತ್ತು ಅಂತೀರ ಅತ್ತಿಗೆ. ರೇಷ್ಮೆ ಸೀರೆ ಉಟ್ಕೊಂಡು ಕುರ್ಚಿ ಬಿಟ್ಟು ಏಳ್ಲಿಲ್ಲ. ಒಂದು ಮಾತಾಡ್ಲಿಲ್ಲ. ಹೊರಡುವಾಗ ಕುಂಕುಮಾನೂ ಪಕ್ಕದ ಮನೆಯವಳ ಕೈಲಿ ಕೊಡಿಸಿದ್ರು.”

ಹೆಣ್ಣು ಗಂಡಿನ ವಿಚಾರಣೆಯಲ್ಲಿ ನಮ್ಮ ಬಳಗದಲ್ಲಿ ನನ್ನಷ್ಟು ಕಟ್ಟುನಿಟ್ಟು ಇನ್ನೊಬ್ಬರಿಲ್ಲ. ಮೂಗು ತೂರಿಸುವವಳು ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಮಂಗಳವಾರ ಬೆಳಿಗ್ಗೆ ನನ್ನ ಯಜಮಾನರು ಚನ್ನರಾಯಪ್ಪನವರಿಗೆ ಹುಳುಮನೆ ವಹಿಸಿ, ಆಧಾರ್ ತೋರಿಸಿ ಫ್ರೀ ಬಸ್ಸು ಹತ್ತಿ ಕೋಲಾರದಲ್ಲಿ ಇಳಿದೆ. ರಂಜಿತ ಕಳಿಸಿದ್ದ ಗಂಡಿನ ಫೋಟೋ ನನ್ನ ಫೋನಿನಲ್ಲಿತ್ತು.

ಡೂಂಲೈಟ್ ಸರ್ಕಲ್ಲಿನ ಹಿಂದಿನ ಒಂದು ಸಂದಿಯಲ್ಲಿ ಆ ಅಂಗಡಿ. ಹೆಸರು ಕದಿರೇಶ್ ಸ್ಯಾಂಡ್‌ವಿಚ್. ಎರಡು ಮೇಜು, ಆರು ಪ್ಲಾಸ್ಟಿಕ್ ಕುರ್ಚಿ, ಮುಂದೆ ಒಂದು ಕಾವಲಿ. ಹೊರಗೆ ಕಾಲೇಜು ಹುಡುಗಿಯರ ಗುಂಪು, ಬ್ಯಾಂಕಿನ ಕಾವಲುಗಾರ, ಔಷಧಿ ಕಂಪನಿಯ ಚೀಲ ಹೊತ್ತ ಒಬ್ಬ. ಒಬ್ಬರ ಮುಖದಲ್ಲೂ ಕಾಯಿಲೆಯ ಕಳೆ ಇರಲಿಲ್ಲ. ಇಷ್ಟು ಜನ ಚೆನ್ನಾಗಿರುವವರು ದುಡ್ಡು ಕೊಟ್ಟು ಬ್ರೆಡ್ಡು ತಿನ್ನುವುದನ್ನು ನಾನು ಕಂಡಿದ್ದು ಅದೇ ಮೊದಲು.

“ಬಾಮ್ಮಾ, ಕೂತ್ಕೋ. ಏನು ಕೊಡ್ಲಿ?” ಎಂದ ಕಾವಲಿಯ ಹಿಂದಿದ್ದ ಕದಿರೇಶ್. ನಲವತ್ತರ ಆಸುಪಾಸಿನ ಮನುಷ್ಯ, ಮಾತಿನಲ್ಲಿ ತೆಲುಗಿನ ಎಳೆತ.

“ಏನಿದೆಯಪ್ಪ?”

“ಆಲೂ ಇದೆ, ವೆಜ್ ಇದೆ, ಪನೀರ್ ಇದೆ, ಹುಚ್ಚೆಳ್ಳು ಇದೆ.”

“ಹುಚ್ಚೆಳ್ಳು ಪುಡಿ ಬ್ರೆಡ್ಡಿಗಾ?”

“ಮುದ್ದೆಗೆ ಸೇರೋದು ಬ್ರೆಡ್ಡಿಗೆ ಸೇರಲ್ವಾ? ನಮ್ಮಮ್ಮ ಮನೇಲೇ ಹುರಿದು ಕುಟ್ಟಿ ಕೊಡ್ತಾಳೆ. ಮೂವತ್ತೈದು ರೂಪಾಯಿ. ತಿಂದು ನೋಡಮ್ಮ, ಸೇರಲಿಲ್ಲಾಂದ್ರೆ ಬೈದು ಹೋಗು.”

ಸರಿ ಎಂದೆ. ಆಮೇಲೆ ಅವನ ಪ್ರಶ್ನೆಗಳು ಶುರುವಾದವು. ಈರುಳ್ಳಿ ಹಾಕ್ಲಾ, ಬೀಟ್‌ರೂಟ್ ಹಾಕ್ಲಾ, ಖಾರ ಎಷ್ಟಿರಲಿ, ಬೆಣ್ಣೆ ಸವರಲಾ, ಕಾಯಿಸಿ ಕೊಡ್ಲಾ ಹಾಗೇ ಕೊಡ್ಲಾ. ಮನೆಯಲ್ಲಿ ಊಟಕ್ಕೆ ಕೂತವರನ್ನು ನಾನು ಕೇಳುವ ಪ್ರಶ್ನೆಗಳಿವು. ನನ್ನನ್ನು ಯಾರೂ ಕೇಳಿ ಗೊತ್ತಿಲ್ಲದೆ ಎಲ್ಲದಕ್ಕೂ ಹೂಂ ಅಂದುಬಿಟ್ಟೆ.

ತಟ್ಟೆ ಬಂತು. ಮೇಲಿನ ಹೋಳು ಎತ್ತಿ ಒಳಗೆ ಏನೇನಿದೆ ಎಂದು ಮೊದಲು ನೋಡಿದೆ. ಟೊಮೇಟೊ ನಮ್ಮ ಕಡೆಯದೇ, ಗಟ್ಟಿಯಾಗಿತ್ತು. ಮುದ್ದೆ ನುಂಗಿ ಅಭ್ಯಾಸವಾದ ಗಂಟಲಿಗೆ ಇದನ್ನು ಅಗಿಯುವುದೇ ಒಂದು ಕೆಲಸ. ಎರಡು ತುತ್ತಾದ ಮೇಲೆ “ಸಾರು ಇಲ್ವೇನಪ್ಪ?” ಎಂದು ಕೇಳಿದೆ. ಕಾಲೇಜು ಹುಡುಗಿಯರು ಕಿಸಕ್ಕೆಂದರು. ಕದಿರೇಶ್ ಕೆಂಪು ಸಾಸಿನ ಬಾಟಲಿ ತಂದಿಟ್ಟ. ಅದು ಸಿಹಿ, ದೂರ ತಳ್ಳಿದೆ. ಆದರೆ ಹುಚ್ಚೆಳ್ಳಿನ ಘಮಕ್ಕೆ ಬೆಣ್ಣೆ ಸೇರಿ, ಸುಳ್ಳು ಯಾಕೆ ಹೇಳಲಿ, ಚೆನ್ನಾಗಿತ್ತು.

ಒಂದು ಗಂಟೆ ಹತ್ತು ನಿಮಿಷಕ್ಕೆ ಗಂಡು ಬಂದ. ಫೋನ್ ತೆಗೆದು ಮೇಜಿನ ಕೆಳಗೆ ಹಿಡಿದು ತಾಳೆ ನೋಡಿದೆ. ಅವನೇ. ಬೇರೆ ಕುರ್ಚಿ ಖಾಲಿ ಇರಲಿಲ್ಲ.

“ಇಲ್ಲಿ ಕೂತ್ಕೋಬಹುದಾ ಅಮ್ಮ?” ಎಂದ.

“ಕೂತ್ಕೊಳ್ಳಪ್ಪ,” ಎಂದೆ. ಹುಡುಕುತ್ತಿದ್ದ ದನ ತಾನಾಗಿಯೇ ಕೊಟ್ಟಿಗೆಗೆ ಬಂದಂತಾಯಿತು.

ನಾನು ಅವನನ್ನು ಸಂತೆಯಲ್ಲಿ ಹೋರಿ ನೋಡುವ ಹಾಗೆ ನೋಡಿದೆ. ಕಣ್ಣು ಬೆಳ್ಳಗಿತ್ತು, ಉಗುರು ಕೆಂಪಗಿತ್ತು, ಕೆಮ್ಮಿಲ್ಲ, ಕೈ ನಡುಗುವುದಿಲ್ಲ. ಎರಡು ಆಲೂ ಸ್ಯಾಂಡ್‌ವಿಚ್ ತರಿಸಿಕೊಂಡು, ಜೊತೆಗೆ ಹಸಿಮೆಣಸಿನಕಾಯಿ ಕೇಳಿ ಇಸಕೊಂಡು ಕಚ್ಚಿ ತಿಂದ. ಅಲ್ಸರ್ ಇರುವವನು ಹಾಗೆ ತಿನ್ನುವುದಿಲ್ಲ. ಟೀಗೆ ಸಕ್ಕರೆ ಇನ್ನೊಂದು ಚಮಚ ಹಾಕಿಸಿಕೊಂಡ. ಶುಗರ್ರೂ ಇಲ್ಲ. ಹಸಿದ ಗಂಡಸು, ಬೇಗ ತಿಂದು ಕೆಲಸಕ್ಕೆ ಓಡಬೇಕಾದವನು, ಅಷ್ಟೇ. ಬಡ್ಡೀಮಗ ಆಂಜಿಯ ಮಾತು ಕಟ್ಟಿಕೊಂಡು ಬಸ್ಸು ಹತ್ತಿದ್ದಕ್ಕೆ ನನ್ನನ್ನೇ ಬೈದುಕೊಂಡೆ.

ಅಲ್ಲಿಗೆ ಎದ್ದು ಹೊರಟಿದ್ದರೆ ಕತೆ ಮುಗಿಯುತ್ತಿತ್ತು. ಅಷ್ಟರಲ್ಲಿ ಕದಿರೇಶ್ ಒಂದು ಪೊಟ್ಟಣ ತಂದು ಅವನ ಮುಂದಿಟ್ಟ. ಪಾರದರ್ಶಕ ಕವರಿನೊಳಗೆ ಬರೀ ಬಿಳಿ ಬ್ರೆಡ್ಡು, ಸುತ್ತಲ ಕಂದು ಅಂಚನ್ನು ನೀಟಾಗಿ ಕತ್ತರಿಸಿ ತೆಗೆದದ್ದು.

“ಅಂಚು ಪೂರಾ ತೆಗ್ದಿದೀನಿ. ನಿನ್ನೇದು ಮೆತ್ತಗಿತ್ತಾ?” ಎಂದು ಕೇಳಿದ ಕದಿರೇಶ್.

“ಇತ್ತು. ಸಾಯಂಕಾಲ ಬರೋಷ್ಟ್ರಲ್ಲಿ ನೀನು ಮುಚ್ಚಿರ್ತೀಯ, ಅದಕ್ಕೇ ಈಗ್ಲೇ ತಗೊಂಡೆ,” ಎಂದ ಅಮರನಾಥ.

ನನ್ನ ನಾಲಿಗೆ ನಿಲ್ಲಲಿಲ್ಲ. “ಅದ್ಯಾಕಪ್ಪ ಅಂಚು ತೆಗ್ಸ್ತೀಯ? ಮನೇಲಿ ಮಗು ಇದ್ಯಾ?”

“ಇಲ್ಲಮ್ಮ. ನಮ್ಮಮ್ಮನಿಗೆ. ಹಾಲಲ್ಲಿ ನೆನೆಸಿ ತಿನ್ನಿಸ್ತೀವಿ. ಒಂಚೂರು ಗಟ್ಟಿ ಇದ್ರೂ ಗಂಟಲಿಗೆ ಸಿಕ್ಕೊಳ್ಳುತ್ತೆ.”

“ಏನಾಗಿದೆ?”

“ಲಕ್ವ ಹೊಡೀತು, ಹೋದ ವರ್ಷ ಯುಗಾದಿ ಆದ್ಮೇಲೆ. ಬಲಗೈ ಬಲಗಾಲು ಬರಲ್ಲ. ಮಾತು ತೊದಲು.”

ಬಸ್ಸಿನಲ್ಲಿ, ಅಂಗಡಿಯಲ್ಲಿ ಸಿಕ್ಕ ಗುರುತಿಲ್ಲದವರಿಗೆ ಜನ ನೆಂಟರಿಗೆ ಹೇಳದ್ದನ್ನೂ ಹೇಳುತ್ತಾರೆ. ಅವನೂ ಹೇಳಿದ. ಬೆಳಿಗ್ಗೆ ಐದಕ್ಕೆ ಏಳುವುದು, ಪಕ್ಕದ ಮನೆಯ ಅಕ್ಕ ಬಂದು ತಾಯಿಗೆ ಸ್ನಾನ ಮಾಡಿಸಿಕೊಟ್ಟು ಹೋಗುವುದು, ಗಂಜಿ, ಮಾತ್ರೆ, ಹಾಸಿಗೆ ಬದಲಾಯಿಸುವುದು ಎಲ್ಲಾ ಅವನೂ ಅವರಪ್ಪನೂ. ಇದರ ಮಧ್ಯೆ ತನಗೊಂದು ಡಬ್ಬಿ ಕಟ್ಟಿಕೊಳ್ಳಲು ಪುರುಸೊತ್ತಿಲ್ಲ. ಹೋಟೆಲ್ ಊಟಕ್ಕೆ ನೂರು ನೂರಿಪ್ಪತ್ತು ಆಗುತ್ತದೆ, ಇಲ್ಲಿ ಕಮ್ಮಿಯಲ್ಲಿ ಹೊಟ್ಟೆ ತುಂಬುತ್ತದೆ ಎಂದ.

ನನಗೆ ಅನಸೂಯಳ ದೂರು ನೆನಪಾಯಿತು. ಕುಂಕುಮ ಕೊಡಲು ಎದ್ದು ಬರಬೇಕು, ಬಲಗೈ ನೀಡಬೇಕು. ಗತ್ತೂ ಅಲ್ಲ, ಗರ್ವವೂ ಅಲ್ಲ. ಆ ಹೆಂಗಸನ್ನು ಬೆಳಿಗ್ಗೆಯೇ ಸಿಂಗರಿಸಿ ಕುರ್ಚಿಯಲ್ಲಿ ಕೂರಿಸಿ, ಬಂದವರು ಹೋಗುವ ತನಕ ಅಲುಗಾಡಬೇಡ ಅಂದಿರಬೇಕು. ನಮ್ಮವರು ಬ್ರೆಡ್ಡು ನೋಡಿ ಕಾಯಿಲೆ ಎಂದು ಊಹಿಸಿದ್ದು ಸರಿಯಾಗಿಯೇ ಇತ್ತು, ಕಾಯಿಲೆಯವರು ಯಾರು ಎನ್ನುವುದು ಮಾತ್ರ ತಪ್ಪಿತ್ತು.

ಇನ್ನು ಇದು ಬರೀ ಕುತೂಹಲದ ಮಾತಾಗಿ ಉಳಿಯಲಿಲ್ಲ. “ಮದುವೆ ಆಗಿದ್ಯೇನಪ್ಪ?” ಎಂದೆ.

“ಇಲ್ಲ. ಈ ಶುಕ್ರವಾರ ನಿಶ್ಚಿತಾರ್ಥ.”

“ಹುಡುಗಿಗೆ ಗೊತ್ತಾ, ನಿಮ್ಮಮ್ಮನ ವಿಷಯ?”

ಅವನು ಪೊಟ್ಟಣದ ಬಾಯಿಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. “ಎರಡು ಕಡೆ ಮೊದ್ಲೇ ಹೇಳಿದ್ವಮ್ಮ. ಆಮೇಲೆ ಅವ್ರು ಫೋನೇ ಎತ್ಲಿಲ್ಲ. ಈ ಸಾರಿ ಬೇಡ, ಮದುವೆ ಆದ್ಮೇಲೆ ತಾನಾಗೇ ಗೊತ್ತಾಗುತ್ತೆ ಅಂದ್ರು ಅಪ್ಪ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ, ನಾವು ಒಂದೂ ಸುಳ್ಳು ಹೇಳಿಲ್ಲ, ಒಂದು ವಿಷಯ ಹೇಳಿಲ್ಲ ಅಷ್ಟೆ ಅಂತಾರೆ. ನನಗೆ ರಾತ್ರಿ ನಿದ್ದೆ ಬರಲ್ಲ. ಹುಡುಗಿ ದಿನಾ ಮೆಸೇಜ್ ಮಾಡ್ತಾರೆ. ಅಮ್ಮ ಹೇಗಿದಾರೆ ಅಂತ್ಲೂ ಕೇಳ್ತಾರೆ. ಚೆನ್ನಾಗಿದಾರೆ ಅಂತೀನಿ.”

“ನಿಮ್ಮಮ್ಮನಿಗೆ ಏನು ಹೇಳಿದ್ದೀರ?”

“ಹುಡುಗಿಗೆ ಎಲ್ಲಾ ಗೊತ್ತು, ಒಪ್ಕೊಂಡವ್ಳೆ ಅಂತ. ಇಲ್ಲಾಂದ್ರೆ ಅಮ್ಮ ಈ ಮದುವೆಗೆ ಒಪ್ಪಲ್ಲ.”

ಆ ಮಾತು ಕೇಳಿದ್ದೇ ನನ್ನ ಮೈ ಉರಿದುಹೋಯಿತು.

ಮೂವತ್ತನಾಲ್ಕು ವರ್ಷದ ಹಿಂದೆ, ಹತ್ತೊಂಬತ್ತು ತುಂಬಿದ ನನ್ನನ್ನು ಮಾಲೂರು ಕಡೆಗೆ ಕೊಟ್ಟರು. ಧಾರೆಯ ದಿನ ಅತ್ತೆ ಛತ್ರಕ್ಕೆ ಬಂದಿರಲಿಲ್ಲ. ಹುಷಾರಿಲ್ಲ ಅಂದರು. ಮೂರನೇ ದಿನ ನಡುಮನೆಯ ಪಕ್ಕದ ಕೋಣೆಯ ಬಾಗಿಲು ತೆರೆದು ನೋಡಿದರೆ ಮಂಚಕ್ಕೆ ಅಂಟಿಕೊಂಡ ಹೆಂಗಸು, ಸೊಂಟದ ಕೆಳಗೆ ಸ್ವಾಧೀನವಿಲ್ಲ. ಒಂಬತ್ತು ವರ್ಷ ಅವರ ಮೈ ಒರೆಸಿದೆ, ಬಟ್ಟೆ ಒಗೆದೆ. ಒಂದು ದಿನವೂ ಕೈ ತಪ್ಪಿಸಲಿಲ್ಲ, ಒಂದು ದಿನವೂ ಮುಖ ಅರಳಿಸಲಿಲ್ಲ. ನಮ್ಮಪ್ಪನಿಗೆ ಮೊದಲೇ ಗೊತ್ತಿತ್ತು ಎನ್ನುವುದು ತಿಳಿದ ಮೇಲೆ ತವರಿಗೆ ಎರಡು ವರ್ಷ ಕಾಲಿಡಲಿಲ್ಲ. ಹೇಳಿದ್ದರೆ ಆ ಮನೆಯ ಹೊಸಿಲು ತುಳಿಯುತ್ತಿರಲಿಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಬಂದಿದ್ದೇನೆ.

ಅತ್ತೆ ಹೋಗುವುದಕ್ಕೆ ಕೆಲವು ತಿಂಗಳ ಮುಂಚೆ, ತಲೆ ಬಾಚುತ್ತಿದ್ದಾಗ, ಕೇಳಿಯೇಬಿಟ್ಟರು. “ಒಪ್ಕೊಂಡೇ ಬಂದೆಯಲ್ಲ ಶಾಮಲ, ಮತ್ಯಾಕೆ ಒಂಬತ್ತು ವರ್ಷದಿಂದ ಮುಖ ಗಂಟು ಹಾಕ್ಕೊಂಡಿದ್ದೀಯ?” ನನಗೆ ಯಾರೂ ಹೇಳಿರಲಿಲ್ಲ ಅತ್ತೆ ಎಂದೆ. ಅವರು ಗೋಡೆಯ ಕಡೆ ತಿರುಗಿ ಅತ್ತರು. ಅವರಿಗೆ ನಾನು ತಿಳಿದೂ ಒಪ್ಪಿ ಬಂದವಳು ಎಂದು ಹೇಳಿದ್ದರಂತೆ. ಒಪ್ಪಿ ಬಂದವಳಿಗೆ ತಾನು ಹೇಸಿಗೆಯಾದೆನಲ್ಲ ಎಂದು ಆ ಹೆಂಗಸು ಒಂಬತ್ತು ವರ್ಷ ಕೊರಗಿದ್ದರು, ನಾನು ಮೋಸಹೋದೆನಲ್ಲ ಎಂದು ಅದೇ ಕೋಣೆಯಲ್ಲಿ ಒಂಬತ್ತು ವರ್ಷ ಕುದಿದಿದ್ದೆ.

ಇದನ್ನೆಲ್ಲ ಸ್ಯಾಂಡ್‌ವಿಚ್ ಅಂಗಡಿಯಲ್ಲಿ ಕೂತು ಆ ಹುಡುಗನಿಗೆ ಹೇಳಿದೆ. ಕದಿರೇಶ್ ಕಾವಲಿಯ ಉರಿ ಸಣ್ಣಗೆ ಮಾಡಿ ಕೇಳುತ್ತಾ ನಿಂತಿದ್ದ. ಕೇಳಲಿ ಬಿಡಿ ಎಂದುಕೊಂಡೆ. ಕೊನೆಗೆ ನಾನು ಯಾರೆಂದೂ ಹೇಳಿದೆ.

“ನಾನು ರಂಜಿತಳ ಸೋದರತ್ತೆ. ನಿನಗೇನೋ ಕಾಯಿಲೆ ಇದೆ ಅಂತ ನೋಡ್ಕೊಂಡು ಹೋಗೋಕೆ ಬಂದೆ.”

ಅಮರನಾಥ ಎದ್ದು ನಿಂತ. ಕಾಲಿಗೆ ಬೀಳಲು ಬಗ್ಗಿದವನನ್ನು ತೋಳು ಹಿಡಿದು ಕೂರಿಸಿದೆ.

“ನೀವೇ ಅವ್ರಿಗೆ ಹೇಳ್ಬಿಡಿ ಅಮ್ಮ,” ಎಂದ.

“ನಾನು ಹೇಳಿದ್ರೆ ಅದು ಚಾಡಿ. ನೀನು ಹೇಳಿದ್ರೆ ಮಾತು. ಅವಳು ಪಾಠ ಹೇಳೋ ಸ್ಕೂಲಲ್ಲಿ ಈಗ ಊಟದ ಬಿಡುವು, ಫೋನ್ ಮಾಡು.”

“ಬೇಡ ಅಂದ್ಬಿಟ್ರೆ?”

“ಅಂದ್ರೆ ಅನ್ನಲಿ. ಅದು ಅವಳ ಬಾಯಿ.”

ಅವನು ಒಂದು ಲೋಟ ನೀರು ಕುಡಿದು ಫೋನ್ ಮಾಡಿದ. ಹೊರಗೆ ಹೋಗಿ ಮಾತಾಡುತ್ತಾನೇನೋ ಅಂದುಕೊಂಡಿದ್ದೆ. ಹೋಗಲಿಲ್ಲ, ನನ್ನ ಎದುರಿಗೇ ಕೂತು ಹೇಳಿದ. ತಾಯಿಗೆ ಲಕ್ವ ಹೊಡೆದಿದೆ, ಎದ್ದು ಓಡಾಡುವುದಿಲ್ಲ, ಆವತ್ತು ನಿಮ್ಮವರಿಂದ ಮುಚ್ಚಿಟ್ಟೆವು, ತಪ್ಪಾಯಿತು. ಆಮೇಲೆ ಆ ಕಡೆಯ ಪ್ರಶ್ನೆಗಳಿಗೆ ಉತ್ತರ. “ಹೂಂ, ಬಲಗಡೆ… ಮಾತು ಅರ್ಥ ಆಗುತ್ತೆ, ಸ್ವಲ್ಪ ತಾಳ್ಮೆ ಬೇಕು… ಪಕ್ಕದ ಮನೆ ಅಕ್ಕ ಬರ್ತಾರೆ… ಇಲ್ಲ, ನಿಮಗೆ ಗೊತ್ತು ಅಂತ್ಲೇ ಅಮ್ಮನಿಗೆ ಹೇಳಿದ್ದೀವಿ.” ಅಲ್ಲಿಂದ ಮುಂದೆ ಅವನು ಬರೀ “ಹೂಂ, ತಪ್ಪಾಯ್ತು” ಅನ್ನುತ್ತಾ ಹೋದ. ಬೈಸಿಕೊಳ್ಳುತ್ತಿದ್ದಾನೆ ಎಂದು ನನಗೆ ತಿಳಿಯಿತು. ನಮ್ಮ ಹುಡುಗಿ ಬೈಯದೆ ಬಿಡುವವಳಲ್ಲ. ಒಳಗೊಳಗೇ ಭಲೇ ಅಂದುಕೊಂಡೆ.

“ಕೋಲಾರದಲ್ಲೇ, ಊಟದ ಅಂಗಡೀಲಿ ಇದ್ದೀನಿ. ನಿಮ್ಮತ್ತೆ ಎದುರಿಗೇ ಕೂತವ್ರೆ,” ಎಂದು ಹೇಳಿ ಅವನು ಫೋನ್ ನನ್ನ ಕೈಗೆ ಕೊಟ್ಟ.

“ಅತ್ತೆ,” ಎಂದಳು ರಂಜಿತ. ಅತ್ತಿದ್ದಳು, ದನಿಯಲ್ಲೇ ಗೊತ್ತಾಗುತ್ತಿತ್ತು. “ನಾಳೆ ರಜ ಹಾಕ್ತೀನಿ. ನಾವಿಬ್ರೂ ಆವನಿಗೆ ಹೋಗೋಣ. ಅವ್ರಮ್ಮನ್ನ ನೋಡ್ಬೇಕು, ನನಗೆ ಗೊತ್ತಿರ್ಲಿಲ್ಲ ಅಂತ ನಾನೇ ಹೇಳ್ಬೇಕು. ಆಮೇಲೆ ಹೂಂ ಅನ್ನೋದೋ ಊಹೂಂ ಅನ್ನೋದೋ ನೋಡ್ತೀನಿ. ಅಲ್ಲೀತಂಕ ಅಪ್ಪನಿಗೆ ಏನೂ ಹೇಳ್ಬೇಡಿ.”

“ಹೇಳಲ್ಲ ಕಣೇ.”

“ಒಂದು ಕೇಳ್ಲಾ ಅತ್ತೆ? ನಿಮಗೆ ಮದುವೆಗೆ ಮುಂಚೇನೇ ಯಾರಾದ್ರೂ ಹೇಳಿದ್ದಿದ್ರೆ, ಹೇಳಿ ನಿಮ್ಮ ಒಪ್ಪಿಗೆ ಕೇಳಿದ್ದಿದ್ರೆ, ನೀವು ಮಾವನ್ನ ಮದುವೆ ಆಗ್ತಿರ್ಲಿಲ್ಲ ಅಲ್ವಾ?”

ಯಾವಾಗಲೂ ಹೇಳುವ ಉತ್ತರವನ್ನೇ ಹೇಳಲು ಬಾಯಿ ತೆರೆದೆ. ಎದುರಿಗೆ ಆ ಹುಡುಗ ತಲೆ ತಗ್ಗಿಸಿ ಕೂತಿದ್ದ. ಆಗೆಲ್ಲ ನಮ್ಮ ಯಜಮಾನರು ದಿನಾ ಬೆಳಿಗ್ಗೆ ಹೊಲಕ್ಕೆ ಹೋಗುವ ಮುಂಚೆ ತಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಜಗುಲಿಯ ಬಿಸಿಲಿಗೆ ಕೂರಿಸುತ್ತಿದ್ದರು. ಬಂದ ಹೊಸದರಲ್ಲಿ ನಾನು ಅದನ್ನು ಅಡುಗೆಮನೆಯ ಕಿಟಕಿಯಿಂದ ಕದ್ದು ನೋಡುತ್ತಿದ್ದೆ. ಆ ಮನುಷ್ಯನ ಮೇಲೆ ನನಗೆ ಆಸೆ ಹುಟ್ಟಿದ್ದು ಅದನ್ನು ನೋಡಿಯೇ. ಇದನ್ನು ನಾನು ಯಾರಿಗೂ ಹೇಳಿಲ್ಲ, ನನಗೆ ನಾನೇ ಹೇಳಿಕೊಂಡಿರಲಿಲ್ಲ.

“ಕೇಳಿದ್ದಿದ್ರೆ ಆಗ್ತಿದ್ದೆ ಕಣೇ,” ಎಂದೆ. “ಅದಕ್ಕೇ ನನಗೆ ಇಷ್ಟು ಕೋಪ.”